ನಡುಗುವ ಮಿಡ್‌ಸೈಜ್ ಕೊಟ್ಟು ಹಳೇ ಟುಂಡ್ರಾ ತಂದ ಮೇಲೆ: ಎಂಟು ತಿಂಗಳ ಅನುಭವ

ಮೊದಲು ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ. 2018ರ ಟೊಯೋಟಾ ಟುಂಡ್ರಾ, ಫುಲ್‌ಸೈಜ್ ಅಂದರೆ ದೊಡ್ಡ ಗಾತ್ರದ ಪಿಕಪ್ ಟ್ರಕ್. ಲಿಮಿಟೆಡ್ ಮಾಡೆಲ್, ಕ್ರೂಮ್ಯಾಕ್ಸ್ ಅನ್ನುವ ದೊಡ್ಡ ಕ್ಯಾಬ್, ಫೋರ್ ವೀಲ್ ಡ್ರೈವ್, 5.7 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್. ಕೊಂಡಾಗ 78,000 ಮೈಲಿ ಓಡಿತ್ತು. ಕೊಟ್ಟಿದ್ದು 31,500 ಡಾಲರ್. ಕಳೆದ ಮಾರ್ಚ್‌ನಲ್ಲಿ ತಂದೆ, ಈಗ ನವೆಂಬರ್. ಈ ಎಂಟು ತಿಂಗಳಲ್ಲಿ 9,000 ಮೈಲಿ ಓಡಿಸಿದ್ದೇನೆ. ನಾವಿರುವುದು ಟೆಕ್ಸಾಸ್‌ನ ಆಸ್ಟಿನ್ ಪಕ್ಕ.

ಇದಕ್ಕೆ ಮುಂಚೆ ಇದ್ದದ್ದು ಮಿಡ್‌ಸೈಜ್, ಅಂದರೆ ಮಧ್ಯಮ ಗಾತ್ರದ ಪಿಕಪ್. ಕಂಪನಿ ಹೆಸರು ಹೇಳುವುದಿಲ್ಲ. 2021ರಲ್ಲಿ ಹೊಸದಾಗಿ ಕೊಂಡಿದ್ದೆ. ನೋಡೋಕೆ ಚೆನ್ನಾಗಿತ್ತು, ಗ್ಯಾರೇಜಿನಲ್ಲಿ ಹಿಡಿಸುತ್ತಿತ್ತು, ಗ್ಯಾಲನ್‌ಗೆ 20 ಮೈಲಿ ಕೊಡುತ್ತಿತ್ತು. ಎರಡೂವರೆ ವರ್ಷ ಒಂದು ಮಾತಿಲ್ಲ.

ಆಮೇಲೆ ನಡುಕ ಶುರುವಾಯಿತು.

40ರಿಂದ 60 ಮೈಲಿ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಟಾಗ ಮಾತ್ರ. ಹೆದ್ದಾರಿ ಅಂಚಿನಲ್ಲಿ ನಿದ್ದೆ ಬರದಿರಲಿ ಅಂತ ಗೀರು ಹಾಕಿರುತ್ತಾರಲ್ಲ, ಅದರ ಮೇಲೆ ಎರಡು ಸೆಕೆಂಡ್ ಹೋದಂತೆ. ಗಡಗಡ ಅನ್ನುತ್ತದೆ, ನಿಲ್ಲುತ್ತದೆ. ಕಾಲು ಒತ್ತಿದರೆ ಮಾಯ. ಪಕ್ಕದಲ್ಲಿ ಕೂತ ಹೆಂಡತಿ "ರೋಡೇ ಹಂಗಿದೆ ಬಿಡಿ" ಅನ್ನುತ್ತಿದ್ದಳು. ನಾನೂ ಎರಡು ತಿಂಗಳು ರೋಡನ್ನೇ ಬೈದುಕೊಂಡು ಓಡಿಸಿದೆ.

ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಟಾರ್ಕ್ ಕನ್ವರ್ಟರ್ ಅಂತ ಒಂದು ಡಬ್ಬಿ ಇರುತ್ತದೆ. ಒಳಗೆ ಪೂರ್ತಿ ಎಣ್ಣೆ. ಗಾಡಿ ಒಂದು ವೇಗಕ್ಕೆ ಬಂದ ಮೇಲೆ, ಪೆಟ್ರೋಲ್ ಉಳಿಸಲು ಅದರೊಳಗಿನ ಒಂದು ಕ್ಲಚ್ ಎರಡೂ ಕಡೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅದು ಹಿಡಿಯುವುದು, ಜಾರುವುದು, ಮತ್ತೆ ಹಿಡಿಯುವುದು ಮಾಡಿದರೆ ಈ ನಡುಕ. ಇದನ್ನೆಲ್ಲ ನನಗೆ ಹೇಳಿಕೊಟ್ಟಿದ್ದು ಡೀಲರ್ ಅಲ್ಲ, ನಮ್ಮ ಮನೆ ಹತ್ತಿರ ಸ್ವಂತ ಗ್ಯಾರೇಜ್ ಇಟ್ಟುಕೊಂಡಿರುವ ವಯಸ್ಸಾದ ಮೆಕ್ಯಾನಿಕ್. ಡೀಲರ್ ಮೊದಲ ಸಲ "ಇದು ನಾರ್ಮಲ್" ಅಂದ. ಎರಡನೇ ಸಲ ಸಾಫ್ಟ್‌ವೇರ್ ಹಾಕಿ ಕಳಿಸಿದ. ಮೂರನೇ ಸಲ ಗೇರ್ ಆಯಿಲ್ ಪೂರ್ತಿ ತೆಗೆದು ಹೊಸದು ತುಂಬಿದ. ಅದಾದ ಮೇಲೆ 5,000 ಮೈಲಿ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಮತ್ತೆ ಗಡಗಡ.

ಅಷ್ಟರಲ್ಲಿ ಮೀಟರ್ 58,000 ದಾಟಿತ್ತು. ಎಂಜಿನ್, ಗೇರ್‌ಬಾಕ್ಸ್ ವಾರಂಟಿ 5 ವರ್ಷ ಅಥವಾ 60,000 ಮೈಲಿ, ಯಾವುದು ಮೊದಲೋ ಅದು. ಹೊಸ ಗಾಡಿ ಪದೇ ಪದೇ ಕೆಟ್ಟರೆ ಕಂಪನಿಯಿಂದ ಪರಿಹಾರ ಕೊಡಿಸುವ ಲೆಮನ್ ಕಾನೂನಿನಲ್ಲಿ ಏನಾದರೂ ಗಿಟ್ಟುತ್ತದಾ ಅಂತ ನೋಡಿದೆ. ಟೆಕ್ಸಾಸ್‌ನಲ್ಲಿ ಅದರ ಲೆಕ್ಕವೆಲ್ಲ ಮೊದಲ 24 ತಿಂಗಳು ಅಥವಾ 24,000 ಮೈಲಿಗೆ ಸೇರಿದ್ದು. ನನ್ನ ಗಾಡಿಯ ಕಾಯಿಲೆ ಕಾದು ಕೂತು ಆಮೇಲೆ ಹೊರಗೆ ಬಂದಿತ್ತು. ತಡವಾಗಿ ರೋಗ ತೋರಿಸುವ ಗಾಡಿಗೆ ಈ ಕಾನೂನಿನಲ್ಲಿ ಜಾಗ ಇಲ್ಲ.

ಹೊರಗಡೆ ಟಾರ್ಕ್ ಕನ್ವರ್ಟರ್ ಬದಲಾಯಿಸಲು ಎಷ್ಟು ಅಂತ ಅದೇ ಮೆಕ್ಯಾನಿಕ್‌ನ ಕೇಳಿದೆ. ಗೇರ್‌ಬಾಕ್ಸ್ ಇಳಿಸಬೇಕು, 3,200 ಡಾಲರ್ ಅಂದ. ಮನೆಗೆ ಬಂದು ಹೆಂಡತಿಗೆ ಹೇಳಿದೆ, ಜೊತೆಗೆ ಒಂದು ಫುಲ್‌ಸೈಜ್ ನೋಡಿದ್ದೇನೆ ಅಂತಲೂ ಸೇರಿಸಿದೆ.

"ರೀ, ಮೂರು ಸಾವಿರದಲ್ಲಿ ಸರಿ ಹೋಗೋದಕ್ಕೆ ಮೂವತ್ತು ಸಾವಿರ ಯಾಕೆ ಕೊಡ್ಬೇಕು?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರ ಸುಮ್ನೆ ಇದ್ದೆ. ನಿಜ ಹೇಳಬೇಕೆಂದರೆ ಅವಳ ಲೆಕ್ಕವೇ ಸರಿ. ಬರೀ ನಡುಕದ ಕಾರಣಕ್ಕೆ ಗಾಡಿ ಬದಲಾಯಿಸುವವರು ರಿಪೇರಿ ಮಾಡಿಸಿಕೊಳ್ಳಿ. ಸಿಟ್ಟಿನಲ್ಲಿ ಡೀಲರ್ ಬಾಗಿಲಿಗೆ ಹೋದವನನ್ನು ಅವರು ದೂರದಿಂದಲೇ ಗುರುತು ಹಿಡಿಯುತ್ತಾರೆ.

ನನ್ನ ಲೆಕ್ಕ ಬದಲಾಗಿದ್ದು ಅಪ್ಪನಿಂದ. ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿದವರು, ಬಹಳ ವರ್ಷ ಮೆಟಡಾರ್ ಇಟ್ಟಿದ್ದರು. ವಿಡಿಯೋ ಕಾಲ್‌ನಲ್ಲಿ ನಮ್ಮ ಕ್ಯಾಂಪರ್ (ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಉಳಿದುಕೊಳ್ಳುವ ಟ್ರೈಲರ್) ತೋರಿಸುತ್ತಾ, "ಈ ಟ್ರಕ್ 6,500 ಪೌಂಡ್ ಎಳೆಯುತ್ತಪ್ಪಾ, ಕ್ಯಾಂಪರ್ ಬರೀ 4,900, ಏನೂ ತೊಂದರೆ ಇಲ್ಲ" ಅಂದೆ. ಅವರು ಕೇಳಿದ್ದು ಒಂದೇ. "ಎಳೆಯೋದು ಸರಿ ಕಣಪ್ಪಾ, ಹೊರೋದೆಷ್ಟು?"

ನನಗೆ ಗೊತ್ತಿರಲಿಲ್ಲ. ನಾಲ್ಕು ವರ್ಷ ಓಡಿಸಿದ ಗಾಡಿ!

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಹಳದಿ-ಬಿಳಿ ಸ್ಟಿಕ್ಕರ್ ಇರುತ್ತದೆ. ಜನ, ಸಾಮಾನು ಸೇರಿ ಒಟ್ಟು ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತದೆ. ಜಾಹೀರಾತಿನಲ್ಲಿ ಬರುವ ಸಂಖ್ಯೆ ಬಿಟ್ಟುಬಿಡಿ, ನಿಮ್ಮ ಗಾಡಿಗೆ ಇದೇ ಸಂಖ್ಯೆ. ನನ್ನದರಲ್ಲಿ 1,180. ನಾವು ನಾಲ್ಕು ಜನ ಸೇರಿ 520 ಪೌಂಡ್. ಉಳಿದದ್ದು 660. ಟ್ರೈಲರ್ ಎಳೆಯುವಾಗ ಅದರ ತೂಕದ ಶೇ 10ರಿಂದ 15ರಷ್ಟು ಮೂತಿಯ ಮೂಲಕ ಟ್ರಕ್ಕಿನ ಮೇಲೇ ಕೂರಬೇಕು. ಕಡಿಮೆಯಾದರೆ ಟ್ರೈಲರ್ ಹಾವಿನ ಹಾಗೆ ಓಲಾಡುತ್ತದೆ. 4,900 ಪೌಂಡ್‌ಗೆ ಶೇ 13 ಅಂದರೆ 637. ಕಳೆದರೆ ಉಳಿದದ್ದು 23 ಪೌಂಡ್. ಇಂಡಿಯನ್ ಅಂಗಡಿಯ 20 ಪೌಂಡ್ ಸೋನಾ ಮಸೂರಿ ಚೀಲ ಒಂದು ಹಾಕಿದರೆ ಮುಗಿಯಿತು. ಅದೂ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ಲೆಕ್ಕಕ್ಕೆ ಸೇರಿಸದೆ. ನಮ್ಮ ಹಿಚ್ಚೇ 75 ಪೌಂಡ್. ಅಂದರೆ ಕಳೆದ ಮೂರು ಬೇಸಿಗೆ ಇಂಕ್ಸ್ ಲೇಕ್‌ಗೂ ಗಾರ್ನರ್ ಪಾರ್ಕಿಗೂ ನಾವು ಹೋಗಿದ್ದೆಲ್ಲ ಮಿತಿ ಮೀರಿಯೇ. ಹಿಂದೆ ಕುಳಿತ ಮಕ್ಕಳ ಮುಖ ನೋಡಿ ಒಂದು ಕ್ಷಣ ಹೊಟ್ಟೆಯಲ್ಲಿ ಏನೋ ಆಯಿತು.

ಗೇರ್‌ಬಾಕ್ಸ್ ಹೊಸದೇ ಹಾಕಿಸಿದರೂ ಈ 23 ಪೌಂಡ್ 24 ಆಗುವುದಿಲ್ಲ. ಈ ಮಾತನ್ನು ಹೆಂಡತಿಗೆ ಪೇಪರ್ ಮೇಲೆ ಬರೆದು ತೋರಿಸಿದೆ. ಅವಳು ಕೂಡಿ-ಕಳೆದು ನೋಡಿ, "ಕ್ಯಾಂಪರ್ ಮಾರಿದ್ರೆ?" ಅಂದಳು. ಮಕ್ಕಳು ಒಪ್ಪಲಿಲ್ಲ. ಹಾಗಾಗಿ ಫುಲ್‌ಸೈಜ್ ಹುಡುಕಾಟ.

ಮೂರು ಗಾಡಿಗಳನ್ನು ಮನಸ್ಸಿಟ್ಟು ನೋಡಿದೆ. ಶೆವಿ ಸಿಲ್ವರಾಡೋ 2017, 5.3 ಲೀಟರ್ ವಿ8. ಓಡಿಸಲು ಮೂರರಲ್ಲಿ ಅದೇ ಆರಾಮ. ಆದರೆ ಈ ಎಂಜಿನ್ ಭಾರ ಕಡಿಮೆ ಇದ್ದಾಗ ಪೆಟ್ರೋಲ್ ಉಳಿಸಲು ಎಂಟರಲ್ಲಿ ನಾಲ್ಕು ಸಿಲಿಂಡರ್ ಮಲಗಿಸುತ್ತದೆ. ಆ ವ್ಯವಸ್ಥೆಯ ಲಿಫ್ಟರ್‌ಗಳು (ಎಂಜಿನ್ ವಾಲ್ವ್ ಎತ್ತುವ ಸಣ್ಣ ಭಾಗಗಳು) ಕೈಕೊಡುವ ಕಥೆ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವುದೇ. ಎಲ್ಲದಕ್ಕೂ ಆಗುತ್ತದೆ ಅಂತ ಅಲ್ಲ. ಆದರೆ ಒಂದು ನಡುಕ ಬಿಟ್ಟು ಬಂದವನಿಗೆ ಇನ್ನೊಂದು ಟಕಟಕದ ಭಯ ಬೇಡವಾಗಿತ್ತು.

ಫೋರ್ಡ್ ಎಫ್-150, 2018, 2.7 ಲೀಟರ್ ಟರ್ಬೋ ವಿ6. ಕಾಗದದ ಮೇಲೆ ಇದೇ ಗೆದ್ದದ್ದು, ಒಪ್ಪಿಕೊಳ್ಳುತ್ತೇನೆ. 2015ರಿಂದ ಇದರ ಮೈ ಅಲ್ಯೂಮಿನಿಯಂ, ಅದಕ್ಕೇ ಹಗುರ, ಅದಕ್ಕೇ ಹೊರುವ ಶಕ್ತಿ ಜಾಸ್ತಿ. ನಾನು ನೋಡಿದ ಗಾಡಿಯ ಬಾಗಿಲಿನ ಸ್ಟಿಕ್ಕರ್ 1,610 ಹೇಳುತ್ತಿತ್ತು. ಮೈಲೇಜ್ ನನ್ನ ಮಿಡ್‌ಸೈಜ್‌ನಷ್ಟೇ. ಹಾಗಿದ್ದರೂ ಬಿಟ್ಟೆ. ಕಾರಣ ಹತ್ತು ಗೇರ್. ಫೋರ್ಡ್, ಜನರಲ್ ಮೋಟರ್ಸ್ ಎರಡೂ ಕೂಡಿ ಮಾಡಿದ ಗೇರ್‌ಬಾಕ್ಸ್ ಅದು. ಟೆಸ್ಟ್ ಡ್ರೈವ್‌ನಲ್ಲಿ ಒಂದು ತಪ್ಪೂ ಕಾಣಲಿಲ್ಲ. ಆದರೆ ಅದು ಗೇರ್ ಬದಲಾಯಿಸಿದಾಗಲೆಲ್ಲ ನನ್ನ ಬೆನ್ನು ನೆಟ್ಟಗಾಗುತ್ತಿತ್ತು. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕಿನ ಕಥೆ. ನಿಮಗೆ ಆ ಭಯ ಇಲ್ಲದಿದ್ದರೆ, ಕ್ಯಾಂಪರ್ ಎಳೆಯುವ ಸಂಸಾರಕ್ಕೆ ನಾನು ಹೇಳುವುದು ಈ ಫೋರ್ಡನ್ನೇ.

ಟುಂಡ್ರಾ ಸ್ಯಾನ್ ಆಂಟೋನಿಯೋದ ಡೀಲರ್ ಹತ್ತಿರ ಇತ್ತು. ಗಾಡಿ ಹುಟ್ಟಿದ ಊರೂ ಅದೇ, ಅಲ್ಲಿಯ ಕಾರ್ಖಾನೆಯಿಂದ ಬಂದದ್ದು. ಈ ತಲೆಮಾರಿನ ಟುಂಡ್ರಾ 2007ರಲ್ಲಿ ಶುರುವಾಗಿ 2021ಕ್ಕೆ ನಿಂತಿತು. ಟರ್ಬೋ ಇಲ್ಲದ 5.7 ವಿ8, 381 ಅಶ್ವಶಕ್ತಿ, ಆರೇ ಗೇರ್. 2022ರಲ್ಲಿ ವಿ8 ಹೋಗಿ ಎರಡು ಟರ್ಬೋದ ವಿ6 ಬಂತು. ಆ ಹೊಸ ಎಂಜಿನ್‌ನೊಳಗೆ ಕಾರ್ಖಾನೆಯ ಲೋಹದ ಚೂರು ಉಳಿದಿರಬಹುದು ಅಂತ 2024ರಲ್ಲಿ ಸುಮಾರು ಒಂದು ಲಕ್ಷ ಗಾಡಿಗಳನ್ನು ಟೊಯೋಟಾನೇ ವಾಪಸ್ ಕರೆಯಿತು. ಹಾಗಾಗಿ ಹಳೇ ವಿ8ಗೆ ಇಲ್ಲಿ ಇನ್ನೂ ಒಳ್ಳೆ ಬೆಲೆ ಇದೆ. ಏಳು ವರ್ಷ ಹಳೇ ಗಾಡಿಗೆ 31,500 ಅಂದರೆ ಊರಿನವರು ನಗುತ್ತಾರೆ, ಇಲ್ಲಿ ಯಾರೂ ನಗಲಿಲ್ಲ.

ಹಿಂದಿನ ದಿನವೇ ಫೋನ್ ಮಾಡಿ, "ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ" ಅಂದಿದ್ದೆ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿದೆ, ತಣ್ಣಗಿತ್ತು. ಎಂಜಿನ್ ತಣ್ಣಗಿದ್ದಾಗ ಬರುವ ಸದ್ದು ಬಿಸಿಯಾದ ಮೇಲೆ ಬಚ್ಚಿಟ್ಟುಕೊಳ್ಳುತ್ತದೆ. ನಡುಕದ್ದು ಇದಕ್ಕೆ ಉಲ್ಟಾ. ನನ್ನ ಗಾಡಿಯಲ್ಲಿ ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೇ ಅದು ಬರುತ್ತಿದ್ದದ್ದು. ಅದಕ್ಕೆ ಮೊದಲು ಇಪ್ಪತ್ತು ನಿಮಿಷ ಊರೊಳಗೆ ಸುತ್ತಿದೆ. ಆಮೇಲೆ 45ರಿಂದ 55 ಮೈಲಿಯಲ್ಲಿ, ಸ್ವಲ್ಪ ಏರು ಇರುವ ರಸ್ತೆಯಲ್ಲಿ, ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ ಆಕ್ಸಿಲರೇಟರ್ ಒತ್ತಿದೆ. ಮೂರು ಸಲ. ಪಕ್ಕದಲ್ಲಿದ್ದ ಸೇಲ್ಸ್ ಹುಡುಗ "ಸರ್, ಇದರ ಪವರ್ ನೋಡಲ್ವಾ?" ಅಂದ. ಪವರ್ ಯಾರಿಗೆ ಬೇಕು!

ಕಿಟಕಿಗೆ ಬೈಯರ್ಸ್ ಗೈಡ್ ಅನ್ನುವ, ವಾರಂಟಿ ಇದೆಯೋ ಇಲ್ಲವೋ ಹೇಳುವ ಕಾಗದ ಅಂಟಿಸಿತ್ತು. ಡೀಲರ್ ಮಾರುವ ಹಳೇ ಗಾಡಿಗೆ ಅದು ಇರಲೇಬೇಕು ಅಂತ ಕೇಂದ್ರದ ನಿಯಮ. ಅದರಲ್ಲಿ "ಆ್ಯಸ್ ಈಸ್" ಪಕ್ಕದ ಚೌಕಕ್ಕೆ ಗುರುತು ಹಾಕಿತ್ತು. ಇದ್ದ ಹಾಗೆ ತಗೊಳ್ಳಿ, ನಾಳೆ ಏನಾದರೂ ಆದರೆ ನಿಮ್ಮ ಹಣೆಬರಹ ಅಂತ. ಇನ್ನೊಂದು ಸಂಗತಿ: 2025ರ ಜನವರಿಯಿಂದ ಟೆಕ್ಸಾಸ್‌ನಲ್ಲಿ ಖಾಸಗಿ ಗಾಡಿಗಳಿಗೆ ವರ್ಷಕ್ಕೊಮ್ಮೆಯ ಸೇಫ್ಟಿ ತಪಾಸಣೆ ಇಲ್ಲ. ದೊಡ್ಡ ಊರುಗಳ ಸುತ್ತಿನ ಕೌಂಟಿಗಳಲ್ಲಿ ಹೊಗೆ ಪರೀಕ್ಷೆ ಮಾತ್ರ ಉಳಿದಿದೆ. ಹೊಗೆ ಪಾಸಾಯಿತು ಅಂದರೆ ಬ್ರೇಕ್ ಸರಿ ಇದೆ ಅಂತ ಅರ್ಥ ಅಲ್ಲ. ಹಾಗಾಗಿ ಆ ಊರಿನ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ದು 180 ಡಾಲರ್ ಕೊಟ್ಟು ಪೂರ್ತಿ ನೋಡಿಸಿದೆ. ಗಾಡಿಯ ಗುರುತಿನ ವಿಐಎನ್ ನಂಬರ್ ಹಾಕಿ, ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟಿನಲ್ಲಿ ಬಾಕಿ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ಇದೆಯಾ ಅಂತಲೂ ನೋಡಿದೆ, ಅದು ಪುಕ್ಕಟೆ.

ಮೆಕ್ಯಾನಿಕ್ ಎರಡು ವಿಷಯ ಬರೆದುಕೊಟ್ಟ. ಮುಂದಿನ ಬ್ರೇಕ್ ಪ್ಯಾಡ್ ಮುಗಿಯುತ್ತಾ ಬಂದಿವೆ. ಟೈರ್ ಕಚ್ಚು ಚೆನ್ನಾಗಿದೆ, ಆದರೆ ಹಳೆಯವು. ಟೈರ್ ಪಕ್ಕೆಯಲ್ಲಿ ಡಾಟ್ ನಂಬರ್‌ನ ಕೊನೆಯ ನಾಲ್ಕು ಅಂಕಿ ನೋಡಿ. ಅಲ್ಲಿ 1819 ಅಂತಿತ್ತು. 2019ರ 18ನೇ ವಾರ ತಯಾರಾದದ್ದು. ಆ ಕಾಗದ ಹಿಡಿದು ವಾಪಸ್ ಹೋದೆ. 32,400 ಇದ್ದದ್ದು 31,500 ಆಯಿತು. 180 ಡಾಲರ್ ಹೂಡಿ 900 ಬಂತು. ಈ ಇಡೀ ವ್ಯವಹಾರದಲ್ಲಿ ನಾನು ಲಾಭ ಮಾಡಿದ್ದು ಇದೊಂದೇ ಕಡೆ.

ಹಳೇ ಗಾಡಿಯನ್ನು ಏನು ಮಾಡುವುದು ಅನ್ನುವುದೂ ತಲೆನೋವಾಗಿತ್ತು. ಹೊರಗೆ ಮಾರಿದರೆ 21,000 ಬರುತ್ತಿತ್ತು. ಡೀಲರ್ ಮೊದಲು ಹೇಳಿದ್ದು 18,200. ಟೆಕ್ಸಾಸ್‌ನಲ್ಲಿ ಗಾಡಿ ತೆರಿಗೆ ಶೇ 6.25, ಎಕ್ಸ್‌ಚೇಂಜ್ ಕೊಟ್ಟರೆ ಆ ಮೊತ್ತ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಅಂದರೆ ಸಾವಿರಕ್ಕೂ ಜಾಸ್ತಿ ಉಳಿತಾಯ, ಸೋಲುವುದು ಸುಮಾರು 1,700. ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯನಿಗೆ ಈ ಅನುಕೂಲ ಇಲ್ಲ, ಅಲ್ಲಿ ಪೂರ್ತಿ ಬೆಲೆಗೂ ತೆರಿಗೆ. ಅಂಥ ಕಡೆ ಇರುವವರು ಈ ಲೆಕ್ಕ ಬೇರೆ ಹಾಕಬೇಕು.

ಆದರೂ 1,700 ಚಿಕ್ಕ ದುಡ್ಡಲ್ಲ. ಹೊರಗೆ ಮಾರದೇ ಇದ್ದದ್ದಕ್ಕೆ ಕಾರಣ ಬೇರೆ. ಕೊಳ್ಳಲು ಬರುವವನು ನನ್ನಂಥ ಇನ್ನೊಬ್ಬ ಸಂಸಾರಸ್ಥ. ನಡುಕದ ವಿಷಯ ಹೇಳಿದರೆ ಕೊಳ್ಳುವುದಿಲ್ಲ, ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಡೀಲರ್‌ಗೂ ಹೇಳಿದೆ. ಅವನು ಮುಖದ ಮೇಲೆ ಒಂದು ಗೆರೆಯೂ ಬದಲಾಯಿಸದೆ 18,200 ಹೊಡೆದು ಹಾಕಿ 17,500 ಬರೆದ. ಬಾಯಿ ತೆಗೆದದ್ದಕ್ಕೆ 700 ಡಾಲರ್. ಒಂದು ತಿಂಗಳಾದ ಮೇಲೆ ಅದೇ ಗಾಡಿ ಅವನ ಸೈಟಿನಲ್ಲಿ 23,900ಕ್ಕೆ ಕೂತಿತ್ತು. "ಒಬ್ಬರೇ ಮಾಲೀಕರು, ಅಚ್ಚುಕಟ್ಟಾಗಿ ನೋಡಿಕೊಂಡಿದ್ದಾರೆ." ನಡುಕದ ಸುದ್ದಿ ಎಲ್ಲೂ ಇಲ್ಲ. ಹೆಂಡತಿಗೆ ತೋರಿಸಿದೆ, ಅವಳು ಏನೂ ಹೇಳದೆ ಫೋನ್ ವಾಪಸ್ ಕೊಟ್ಟಳು.

ಈಗ ಟುಂಡ್ರಾ ಹೇಗಿದೆ ಅಂತ.

ಓಡಿಸಲು ಇದು ಹಳೇ ಕಾಲದ ಗಾಡಿ. ಖಾಲಿ ಇದ್ದಾಗ ಹಿಂಭಾಗ ಕುಣಿಯುತ್ತದೆ, ಕಾಂಕ್ರೀಟ್ ಹೆದ್ದಾರಿಯ ಕೀಲುಗಳಲ್ಲಿ ಜಾಸ್ತಿ. ಕ್ಯಾಂಪರ್ ಸಿಕ್ಕಿಸಿದ ಮೇಲೆ ಅದೇ ಗಾಡಿ ಗಂಭೀರವಾಗಿ ಹೋಗುತ್ತದೆ. ಫ್ರೆಡರಿಕ್ಸ್‌ಬರ್ಗ್ ಕಡೆಯ ಗುಡ್ಡಗಳಲ್ಲಿ ಮಿಡ್‌ಸೈಜ್ ಎರಡು ಗೇರ್ ಇಳಿಸಿ ಕಿರುಚುತ್ತಿದ್ದ ಏರನ್ನು ಇದು ಒಂದು ಗೇರ್ ಇಳಿಸಿ ಹತ್ತುತ್ತದೆ. ಟ್ರೈಲರ್ ಬ್ರೇಕ್ ಕಂಟ್ರೋಲರ್ ಡ್ಯಾಶ್‌ಬೋರ್ಡ್‌ನಲ್ಲೇ ಇದೆ, ಮೊಣಕಾಲಿಗೆ ತಗಲುತ್ತಿದ್ದ ಹಳೇ ಪೆಟ್ಟಿಗೆ ಇಲ್ಲ. ಹಿಂದಿನ ಗಾಜು ಒಂದು ಸ್ವಿಚ್ಚಿಗೆ ಪೂರ್ತಿ ಕೆಳಗಿಳಿಯುತ್ತದೆ. ಮಕ್ಕಳಿಗೆ ಈ ಗಾಡಿಯಲ್ಲಿ ಇಷ್ಟವಾದದ್ದು ಅದೊಂದೇ. ಪರದೆಯಲ್ಲಿ ಆ್ಯಪಲ್ ಕಾರ್‌ಪ್ಲೇ ಇಲ್ಲ, ಟುಂಡ್ರಾಗೆ ಅದು ಬಂದದ್ದು 2020ರಲ್ಲಿ. ಫೋನ್‌ಗೆ ಒಂದು ಸ್ಟ್ಯಾಂಡ್ ಅಂಟಿಸಿಕೊಂಡಿದ್ದೇನೆ.

ಹೊರುವ ಲೆಕ್ಕಕ್ಕೆ ಬರೋಣ. ಇದರ ಸ್ಟಿಕ್ಕರ್ 1,430. ನಾವು 520, ಮೂತಿ ಭಾರ 637, ಹಿಚ್ 75. ಉಳಿಯುವುದು 198 ಪೌಂಡ್. ಫುಲ್‌ಸೈಜ್ ಅಂದರೆ ಆನೆ ಅಂದುಕೊಂಡಿದ್ದೆ. ಆನೆ ಮೇಲೆ ನಾಲ್ಕು ಚೀಲ, ಒಂದು ಐಸ್ ಡಬ್ಬ, ಗ್ರಿಲ್ ಇಟ್ಟರೆ ಮುಗಿಯಿತು. ಲಿಮಿಟೆಡ್ ಮಾಡೆಲ್‌ನ ಚರ್ಮದ ಸೀಟು, 20 ಇಂಚಿನ ಚಕ್ರ ಎಲ್ಲ ಈ ಲೆಕ್ಕದಿಂದಲೇ ಕಳೆಯುತ್ತದೆ. ಅದಕ್ಕೆ ಸೌಕರ್ಯ ಕಡಿಮೆ ಇರುವ ಮಾಡೆಲ್ ತಗೊಂಡಿದ್ದರೆ ಹೊರುವುದು ಜಾಸ್ತಿ ಇರುತ್ತಿತ್ತು. ನನಗೆ ಚರ್ಮದ ಸೀಟಿನ ಆಸೆ ಆಯಿತು, ಏನು ಮಾಡೋದು.

ಪೆಟ್ರೋಲ್ ವಿಷಯದಲ್ಲಿ ಮುಚ್ಚಿಡುವುದಿಲ್ಲ. ಕಂಪನಿಯ ಸ್ಟಿಕ್ಕರ್ ಊರೊಳಗೆ 13, ಹೆದ್ದಾರಿಯಲ್ಲಿ 17 ಹೇಳುತ್ತದೆ. ನನಗೆ ಸರಾಸರಿ 14.5 ಸಿಗುತ್ತಿದೆ. ಕ್ಯಾಂಪರ್ ಎಳೆಯುವಾಗ 9. ವರ್ಷಕ್ಕೆ 12,000 ಮೈಲಿ, ಗ್ಯಾಲನ್ 2.80 ಡಾಲರ್ ಅಂತ ಹಿಡಿದರೆ ಮೊದಲಿಗಿಂತ ತಿಂಗಳಿಗೆ 53 ಡಾಲರ್ ಜಾಸ್ತಿ. ಟ್ಯಾಂಕ್ 38 ಗ್ಯಾಲನ್. ಫುಲ್ ಮಾಡಿಸುವಾಗ ಮೀಟರ್ ನೋಡದೆ ಗಾಜು ಒರೆಸುತ್ತಾ ನಿಲ್ಲುವುದು ಒಳ್ಳೆಯದು. ಟೈರ್ ನಾಲ್ಕೂ ಬದಲಾಯಿಸಿದೆ, 1,100 ಆಯಿತು.

ಜಾಗದ ಕಷ್ಟ ಇದೆಲ್ಲಕ್ಕಿಂತ ಜಾಸ್ತಿ. ಮಿಡ್‌ಸೈಜ್ 212 ಇಂಚು ಉದ್ದ ಇತ್ತು, ಇದು 229. ನಮ್ಮ ಗ್ಯಾರೇಜ್ ಆಳ 20 ಅಡಿ, ಅಂದರೆ 240 ಇಂಚು. ಮುಂದೆ-ಹಿಂದೆ ಸೇರಿ 11 ಇಂಚು ಉಳಿಯುತ್ತದೆ. ಕೊನೆಯ ಗೋಡೆಯಲ್ಲಿ ಅಕ್ಕಿ-ಬೇಳೆ, ಉಪ್ಪಿನಕಾಯಿ ಭರಣಿ ಇಡುವ ಕಪಾಟು ಒಂದೂಕಾಲು ಅಡಿ ಆಳದ್ದು. ಗಾಡಿ ಒಳಗೆ ಬರಬೇಕಾದರೆ ಕಪಾಟು ಹೋಗಬೇಕು. ಕಪಾಟು ಹೋಗಲಿಲ್ಲ. ಗಾಡಿ ಹೊರಗೆ ಬಿಸಿಲಲ್ಲಿ ನಿಂತಿದೆ. ಡೌನ್‌ಟೌನ್‌ನ ಪಾರ್ಕಿಂಗ್ ಕಟ್ಟಡಗಳಿಗೆ ಹೋಗುವಾಗ ತಲೆ ಬಗ್ಗಿಸಿ ಕೂರುತ್ತೇನೆ, ಅದರಿಂದ ಗಾಡಿ ಎತ್ತರ ಕಡಿಮೆ ಆಗುವುದಿಲ್ಲ ಅಂತ ಗೊತ್ತಿದ್ದರೂ. ಎಚ್-ಇ-ಬಿ ಅಂಗಡಿಯಲ್ಲಿ ಈಗ ಕೊನೆಯ ಸಾಲಿನಲ್ಲಿ ನಿಲ್ಲಿಸಿ ನಡೆಯುವುದು ಅಭ್ಯಾಸವಾಗಿದೆ. ಹೆಂಡತಿ ಇದನ್ನು ಎರಡೇ ಸಲ ಓಡಿಸಿದ್ದಾಳೆ.

ವಾರದ ಐದು ದಿನ ಆಫೀಸಿಗೆ ಹೋಗಿ ಬರಲು ಮಾತ್ರ ಟ್ರಕ್ ಬೇಕಿದ್ದರೆ ಇದನ್ನು ತಗೊಳ್ಳಬೇಡಿ. ನಾನು ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ, ಅದಕ್ಕೇ ಇದು ನಡೆಯುತ್ತಿದೆ.

ಇನ್ನು ನಮ್ಮ ಕನ್ನಡ ಸಂಘ. ಟ್ರಕ್ ಇರುವವನು ಸಂಘದಲ್ಲಿ ಯಾವ ಹುದ್ದೆಯೂ ಇಲ್ಲದ ಪದಾಧಿಕಾರಿ. ಮಿಡ್‌ಸೈಜ್ ಇದ್ದಾಗ ಕುರ್ಚಿ, ಸ್ಪೀಕರ್ ಸಾಗಿಸಲು ಕರೆಯುತ್ತಿದ್ದರು. ಫುಲ್‌ಸೈಜ್ ಬಂದ ಸುದ್ದಿ ಹಬ್ಬಿ ಈಗ ಸೋಫಾ, ಫ್ರಿಜ್, ಯಾರದೋ ಮನೆ ಶಿಫ್ಟಿಂಗ್ ಎಲ್ಲದಕ್ಕೂ ಫೋನ್. ಈ ಶನಿವಾರ ರಾಜ್ಯೋತ್ಸವ, ವೇದಿಕೆಯ ಪ್ಲೈವುಡ್ ಕಂಬಗಳು, ಭುವನೇಶ್ವರಿಯ ದೊಡ್ಡ ಚಿತ್ರ ನನ್ನ ಗಾಡಿಯಲ್ಲೇ ಹೋಗಬೇಕಂತೆ. ಕಾರ್ಯದರ್ಶಿಗಳು ನಿನ್ನೆ ಫೋನ್ ಮಾಡಿ, "ಸಾರ್, ನಿಮ್ಮದು ಈಗ ದೊಡ್ಡದಾಯ್ತಲ್ಲ, ಒಂದೇ ಟ್ರಿಪ್‌ಗೆ ಆಗುತ್ತೆ ಅಲ್ವಾ?" ಅಂದರು. ಆಗುತ್ತೆ ಅಂದೆ. ಪೆಟ್ರೋಲ್ ಸಂಘದ್ದು ಅಂತ ಮೊದಲ ಸಲ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.